ಮಳೆಗಾಲದ ಮೊದಲ ಅವಧಿ: ಕರಾವಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಶಾಲೆ ಶುರುವಿನಿಂದ ದಸರೆವರೆಗೆ

ಮೇ ತಿಂಗಳ ಕೊನೆಯ ವಾರ. ಅಂಕೋಲೆ ಪೇಟೆಯಲ್ಲಿ ಇಶಾಡು ಮಾವಿನ ಬುಟ್ಟಿಗಳು ಕಮ್ಮಿಯಾಗುತ್ತಾ ಬರುತ್ತವೆ. ದೋಣಿಗಳನ್ನು ದಡಕ್ಕೆ ಎಳೆದು ತಾಡಪಾಲು ಹೊದಿಸುವ ಕೆಲಸ ನಡೆದಿರುತ್ತದೆ. ಅದೇ ವಾರ ನಾವು ಶಾಲೆಯ ಬೀಗ ತೆಗೆಯುತ್ತೇವೆ. ಒಳಗೆ ರಜೆಯ ಧೂಳು, ಹಂಚಿನ ಸಂದಿಯಿಂದ ಉದುರಿದ ಎಲೆ, ಗೋಡೆ ಮೇಲೆ ಒರಲೆ ಹತ್ತಿದ ಮಣ್ಣಿನ ಗೆರೆ.

ನಾನು ಈ ಕರಾವಳಿಯ ಒಂದು ಸಣ್ಣ ಕಿರಿಯ ಪ್ರಾಥಮಿಕ ಶಾಲೆಯ ಅಕ್ಕೋರು. ಒಂದರಿಂದ ಐದನೇ ತರಗತಿ, 32 ಮಕ್ಕಳು, ನಾನು ಮತ್ತು ಒಬ್ಬರು ಮಾಸ್ತರು. ಘಟ್ಟದ ಮೇಲಿನಿಂದ ಹೊಸದಾಗಿ ನೇಮಕವಾಗಿ ಬಂದವರು ಇಲ್ಲಿನ ಮೊದಲ ಮಳೆಗಾಲಕ್ಕೇ ಕಂಗಾಲಾಗುವುದನ್ನು ನೋಡಿದ್ದೇನೆ. ಬರೆದಿಟ್ಟ ಪಾಠ ಯೋಜನೆ ಜುಲೈ ಹೊತ್ತಿಗೆ ಎಲ್ಲೋ ಉಳಿದು, ಮಕ್ಕಳು ಎಲ್ಲೋ ಇರುತ್ತಾರೆ. ಅವರಿಗಾಗಿ, ಮಕ್ಕಳನ್ನು ಶಾಲೆಗೆ ಕಳಿಸುವ ಪಾಲಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಮೊದಲ ಅವಧಿ ಅಂದರೆ ಮಳೆಗಾಲ. ಮಳೆ, ದೋಣಿ, ಚೌತಿ ಈ ಮೂರನ್ನು ಮೊದಲು ಯೋಜನೆಯಲ್ಲಿ ಬರೆದು, ಆಮೇಲೆ ಪಾಠ ಬರೆಯಬೇಕು.

ಹಂತ 1: ನಿಜವಾದ ದಿನಗಳನ್ನು ಎಣಿಸಿ

ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಆಗಬೇಕು. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಈ ಅವಧಿಯ ಪಾಲು. ಕೈಯಲ್ಲಿ ಪೆನ್ಸಿಲ್ ಹಿಡಿದು ಕೂತು ಎಣಿಸಿ ನೋಡಿ.

2025ರ ಲೆಕ್ಕ ಹೀಗಿತ್ತು. ಮೇ 29ರಿಂದ ಸೆಪ್ಟೆಂಬರ್ 19ರವರೆಗೆ ಒಟ್ಟು 114 ದಿನ. 16 ಭಾನುವಾರ ಕಳೆದರೆ 98. ಬಕ್ರೀದ್, ಸ್ವಾತಂತ್ರ್ಯ ದಿನ, ಚೌತಿ, ಈದ್ ಮಿಲಾದ್ ಕಳೆದರೆ 94. ಇದರಲ್ಲಿ 15 ಶನಿವಾರ, ಅಂದರೆ ಬೆಳಗಿನ ಶಾಲೆ ಮಾತ್ರ. ಉಳಿದದ್ದು 79 ಪೂರ್ತಿ ದಿನ. ಇನ್ನು ಮಳೆ ರಜೆ. ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಕೊಡಲೇಬೇಕು. ನಾನು ಮೊದಲೇ 10 ದಿನ ಇದಕ್ಕೆ ಬಿಟ್ಟುಬಿಡುತ್ತೇನೆ. ಚೌತಿಯ ಹಿಂದೆ ಮುಂದೆ 3 ದಿನ ಮಕ್ಕಳು ಬರುವುದಿಲ್ಲ. ತರಬೇತಿ, ಮೌಲ್ಯಮಾಪನ, ಕಾರ್ಯಕ್ರಮ ಅಂತ 6 ದಿನ. ಕೊನೆಗೆ ಕೈಗೆ ಸಿಗುವುದು 60 ದಿನ.

ಪಾಠ ಯೋಜನೆಯನ್ನು ಈ 60 ದಿನಕ್ಕೆ ಬರೆಯಿರಿ. ಮಳೆ ರಜೆ ಕಮ್ಮಿ ಬಂತು ಅಂದುಕೊಳ್ಳಿ, ಹೆಚ್ಚು ಸಿಕ್ಕ ದಿನಗಳು ಓದಿಗೆ, ಆಟಕ್ಕೆ ಆಗುತ್ತವೆ. ಮಳೆ ರಜೆಗೆ ಬದಲಾಗಿ ಶನಿವಾರ ಮಧ್ಯಾಹ್ನ ಶಾಲೆ ನಡೆಸಬೇಕಾದಾಗ ಅದನ್ನು ಹೊಸ ಪಾಠಕ್ಕೆ ಇಟ್ಟುಕೊಳ್ಳಬೇಡಿ. ಆ ಹೊತ್ತಿಗೆ ಮಕ್ಕಳು ದಣಿದಿರುತ್ತಾರೆ. ಪುನರಾವರ್ತನೆ, ಚಿತ್ರ, ಹಾಡು ಸಾಕು.

ಚೌತಿ ಯಾವಾಗ ಬರುತ್ತದೆ ಎಂದು ಕ್ಯಾಲೆಂಡರ್ ನೋಡಿ ದೊಡ್ಡದಾಗಿ ಗುರುತು ಹಾಕಿ. 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂದಿತ್ತು, 2025ರಲ್ಲಿ ಆಗಸ್ಟ್ 27ಕ್ಕೆ. ಕಾರವಾರ, ಅಂಕೋಲೆ ಕಡೆ ಚೌತಿಗಿಂತ ದೊಡ್ಡ ಹಬ್ಬ ಇಲ್ಲ. ಆ ವಾರ ಮೌಲ್ಯಮಾಪನ ಇಟ್ಟುಕೊಂಡರೆ ಬರೆಯಲು ಯಾರೂ ಇರುವುದಿಲ್ಲ.

ಇನ್ನೊಂದು ತಾರೀಖು ಜುಲೈ 31. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಬೋಟಿಗೆ ಹೋಗುವ ಅಪ್ಪಂದಿರು ಮನೆಯಲ್ಲಿರುತ್ತಾರೆ, ಬಲೆ ರಿಪೇರಿ ಮಾಡುತ್ತಾ ಕೂತಿರುತ್ತಾರೆ. ಆಗಸ್ಟ್ ಆದ ಮೇಲೆ ಅವರು ಸಿಗುವುದಿಲ್ಲ. ಹಾಗಾಗಿ ಪಾಲಕರ ಸಭೆಯನ್ನು ಜುಲೈ ಎರಡನೇ ವಾರಕ್ಕೆ ಇಡಿ. ನಮ್ಮಲ್ಲಿ ಸಭೆಗೆ ಅಮ್ಮಂದಿರು ಮಾತ್ರ ಬರುತ್ತಿದ್ದರು. ತಾರೀಖು ಬದಲಿಸಿದ ವರ್ಷ ಅಪ್ಪಂದಿರೂ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಶಿರಸಿ, ಸಿದ್ದಾಪುರದ ಕಡೆಯವರು ಇದೇ ಲೆಕ್ಕವನ್ನು ಅಡಿಕೆ ತೋಟಕ್ಕೆ, ಕೊಳೆ ಔಷಧಿ ಹೊಡೆಯುವ ದಿನಗಳಿಗೆ ಹೊಂದಿಸಿಕೊಳ್ಳಬೇಕು.

ಹಂತ 2: ಕೋಣೆಯನ್ನು ಮಳೆಗೆ ಸಿದ್ಧ ಮಾಡಿ

ಒಂದು ವರ್ಷ ನಲಿಕಲಿ (ಒಂದರಿಂದ ಮೂರನೇ ತರಗತಿಯವರು ಕಾರ್ಡು, ಚಟುವಟಿಕೆಗಳಿಂದ ಕಲಿಯುವ ಪದ್ಧತಿ) ಕಾರ್ಡುಗಳನ್ನೆಲ್ಲ ಗೋಡೆಗೆ ತಾಗಿದ ಮರದ ಕಪಾಟಿನಲ್ಲಿ ಇಟ್ಟಿದ್ದೆ. ಜುಲೈನಲ್ಲಿ ತೆಗೆದು ನೋಡಿದರೆ ಅರ್ಧಕ್ಕರ್ಧ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಚಿತ್ರ ಕಿತ್ತು ಬರುತ್ತಿತ್ತು. ತಪ್ಪು ನನ್ನದೇ. ಆವತ್ತಿನಿಂದ ಕಾರ್ಡುಗಳು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಗೋಡೆಯಿಂದ ಒಂದು ಗೇಣು ಈಚೆಗೆ, ನೆಲದಿಂದ ಮೇಲೆ ಇರುತ್ತವೆ. ಹೆಚ್ಚು ಬಳಸುವ ಕಾರ್ಡುಗಳಿಗೆ ಲ್ಯಾಮಿನೇಶನ್ ಮಾಡಿಸಿದ್ದೇವೆ.

ಶಾಲೆ ಶುರುವಾಗುವ ಮುಂಚೆ ಎಸ್‌ಡಿಎಂಸಿಯವರನ್ನು, ಅಂದರೆ ಪಾಲಕರಿರುವ ಶಾಲಾಭಿವೃದ್ಧಿ ಸಮಿತಿಯವರನ್ನು, ಕರೆದು ಒಂದು ಸುತ್ತು ಹಾಕಿ. ಒಡೆದ ಹಂಚು ಬದಲಿಸಬೇಕು. ಮೇಲೆ ಬಾಗಿದ ಮರದ ಟೊಂಗೆ ಕಡಿಸಬೇಕು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಬೇಕು. ಅಂಗಳದ ಹುಲ್ಲು ತೆಗೆಸಬೇಕು, ಇಲ್ಲದಿದ್ದರೆ ಹಾವಿನ ಭಯ. ಸೋರುವ ಮೂಲೆ ಯಾವುದು ಎಂದು ಮೊದಲ ಮಳೆಗೇ ಗೊತ್ತಾಗುತ್ತದೆ. ಆ ಮೂಲೆಯಲ್ಲಿ ಮಕ್ಕಳನ್ನು ಕೂರಿಸಬೇಡಿ, ಬಕೆಟ್ ಇಡಿ.

ಬಾಗಿಲ ಹತ್ತಿರ ಒಂದು ಹಗ್ಗ ಕಟ್ಟಿ, ಅದಕ್ಕೆ 32 ಕ್ಲಿಪ್ಪು. ಒದ್ದೆ ರೇನ್‌ಕೋಟುಗಳಿಗೆ. ಛತ್ರಿಗೆ ಬೇರೆ ಮೂಲೆ. ಪ್ರತಿ ಮಗುವಿನದ್ದೂ ಒಂದು ಜೊತೆ ಒಣ ಬಟ್ಟೆ ಶಾಲೆಯಲ್ಲಿರಲಿ, ಹೆಸರು ಬರೆದ ಚೀಲದಲ್ಲಿ. ನೆನೆದ ಬಟ್ಟೆಯಲ್ಲಿ ನಡುಗುವ ಮಗುವಿಗೆ ಯಾವ ಅಕ್ಷರವೂ ಹತ್ತುವುದಿಲ್ಲ.

ಮಕ್ಕಳು ಬರುವ ದಾರಿಯನ್ನೂ ಒಮ್ಮೆ ನಡೆದು ನೋಡಿ. ಎಲ್ಲಿ ಹಳ್ಳ ದಾಟಬೇಕು, ಎಲ್ಲಿ ಮರದ ಸಂಕ (ಕಾಲುಸೇತುವೆ) ಇದೆ, ಎಲ್ಲಿ ಧರೆ ಕುಸಿಯುವ ಹಾಗಿದೆ ಎಂದು ಬರೆದುಕೊಳ್ಳಿ. ಯಾವ ಮಗು ಯಾವ ದಾರಿ, ಜೊತೆಗೆ ಯಾರು, ಫೋನ್ ಮಾಡಿದರೆ ಯಾರು ಬರುತ್ತಾರೆ ಎಂಬ ಪಟ್ಟಿ ಬಾಗಿಲ ಹಿಂದೆ ಅಂಟಿಸಿರಲಿ. ಜೋರು ಮಳೆ ಹಿಡಿದಾಗ ಸಂಕ ದಾಟುವ ಮಕ್ಕಳನ್ನು ದೊಡ್ಡವರು ಬಂದ ಮೇಲೇ ಬಿಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದ ನಂತರ ನಮ್ಮ ಕಡೆಯ ಮಕ್ಕಳು ಗುಡುಗಿಗೂ ಬೆಚ್ಚುತ್ತಿದ್ದರು. ಅವರ ಭಯವನ್ನು ಸುಮ್ನೆ ಗದರಿ ಮುಚ್ಚಬೇಡಿ. ಕೇಳಿ, ಮಾತಾಡಲು ಬಿಡಿ.

ಹಂತ 3: ಮೊದಲ 2 ವಾರ ಮನೆಮಾತಿಗೆ ಕೊಡಿ

ಒಂದನೇ ತರಗತಿಗೆ ಬಂದ ಮಗುವಿಗೆ ಶಾಲೆ ಒಂದೇ ಹೊಸದಲ್ಲ, ಮಾತೂ ಹೊಸದು. ಕಾರವಾರದ ಸುತ್ತ ಬಹಳ ಮನೆಗಳಲ್ಲಿ ಕೊಂಕಣಿ. ಭಟ್ಕಳದ ಕಡೆ ನವಾಯತಿ. ಹಾಲಕ್ಕಿ ಮಕ್ಕಳ ಕನ್ನಡಕ್ಕೆ ಅದರದ್ದೇ ಧಾಟಿ. ಘಟ್ಟದ ಮೇಲೆ ಹವ್ಯಕ ಕನ್ನಡ. ಪುಸ್ತಕದ ಕನ್ನಡ ಇವರೆಲ್ಲರಿಗೂ ಸ್ವಲ್ಪ ದೂರವೇ.

ನಲಿಕಲಿ ಕೋಣೆಯಲ್ಲಿ ಹವಾಮಾನ ನಕ್ಷೆ ಇರುತ್ತದೆ, ಅಲ್ವಾ? ಬಿಸಿಲು, ಮೋಡ, ಮಳೆ, ಗಾಳಿ. ಮಗು ಬೆಳಿಗ್ಗೆ ಬಂದು ಇವತ್ತಿನ ಚಿತ್ರ ತೋರಿಸಬೇಕು. ಒಬ್ಬಳು ಹುಡುಗಿ ಐದು ದಿನ ಬಾಯಿ ಬಿಡದೆ ಕಂಬಕ್ಕೆ ಒರಗಿ ನಿಂತಿದ್ದಳು. ಆರನೇ ದಿನ ಮಳೆ ಹಂಚಿನ ಮೇಲೆ ಸದ್ದು ಮಾಡುತ್ತಿತ್ತು. ಅವಳು ಬಂದು ಮಳೆಯ ಚಿತ್ರದ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದಳು, "ಅಕ್ಕೋರೆ, ಪಾವ್ಸ." ನಾನು ಚಿತ್ರದ ಕೆಳಗೆ ‘ಮಳೆ’ ಅಂತಲೂ ‘ಪಾವ್ಸ’ ಅಂತಲೂ ಬರೆದೆ. ಅವಳು ಎರಡನ್ನೂ ನೋಡಿದಳು. ಮಾರನೇ ದಿನ ಮನೆಯಿಂದ ನಾಲ್ಕು ಮಾತು ಹೊತ್ತು ತಂದಳು.

ಹೀಗೆ ಮಾಡಿ. ನೆಲಮಟ್ಟದ ಕಪ್ಪು ಹಲಗೆಯ ಒಂದು ತುಂಡನ್ನು ಇದಕ್ಕೇ ಬಿಡಿ. ಎಡಕ್ಕೆ ಚಿತ್ರ, ನಡುವೆ ಶಾಲೆಯ ಮಾತು, ಬಲಕ್ಕೆ ಮನೆಯ ಮಾತು. ನೀರು, ಉದಕ. ಮನೆ, ಘರ. ಬೆಕ್ಕು, ಮಾಜರ. ನಮ್ಮ ಕಡೆ ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತೇವೆ, ಹಾಗಾಗಿ ಮಗುವಿಗೆ ಎರಡೂ ಅಕ್ಷರಾಭ್ಯಾಸವೇ. ದಿನಕ್ಕೆ 3 ಪದ ಸಾಕು. ನಿಮಗೆ ಕೊಂಕಣಿ ಬಾರದಿದ್ದರೆ ಮಕ್ಕಳಿಂದಲೇ ಕಲಿಯಿರಿ. ಅಕ್ಕೋರಿಗೆ ತಾನು ಕಲಿಸಿದೆ ಎಂದು ಮಗುವಿಗೆ ಆಗುವ ಹಿಗ್ಗು ದೊಡ್ಡದು.

ಮಾತಿನ ತಪ್ಪು ತಿದ್ದುವ ಕೆಲಸ ಈ 2 ವಾರ ಬೇಡ. ಮಗು ಹೇಳಿದ್ದನ್ನು ನೀವು ಪುಸ್ತಕದ ಕನ್ನಡದಲ್ಲಿ ಒಮ್ಮೆ ಮರಳಿ ಹೇಳಿದರೆ ಸಾಕು, ಅದರ ಕಿವಿ ಹಿಡಿದುಕೊಳ್ಳುತ್ತದೆ.

ಇದೇ ಹೊತ್ತಿನಲ್ಲಿ ಪ್ರತಿ ಮಗುವಿಗೂ ಒಂದು ಹಾಳೆ ಮಾಡಿ. ಮನೆಯಲ್ಲಿ ಯಾವ ಮಾತು, ಯಾರು ಓದಿಸಬಲ್ಲರು, ಏನು ಚೆನ್ನಾಗಿ ಬರುತ್ತದೆ, ಏನಕ್ಕೆ ಹೆದರುತ್ತದೆ. ನಾಲ್ಕು, ಐದನೇ ತರಗತಿಗೆ ಸೇತುಬಂಧ, ಅಂದರೆ ಹಿಂದಿನ ತರಗತಿಯಲ್ಲಿ ಬಿಟ್ಟುಹೋದದ್ದನ್ನು ಕಲಿಸುವ ಕಾರ್ಯಕ್ರಮ, ಇದ್ದೇ ಇದೆ. ಪೂರ್ವ ಪರೀಕ್ಷೆಯಲ್ಲಿ ಮಗು ಎಲ್ಲಿ ನಿಂತಿತು ಎಂಬುದನ್ನೂ ಅದೇ ಹಾಳೆಗೆ ಬರೆಯಿರಿ. ಅಂಕ ಬರೆದರೆ ಉಪಯೋಗ ಇಲ್ಲ. ‘ಎರಡಂಕಿ ಕಳೆಯುವಾಗ ದಶಕ ಬಿಡಿಸಲು ಬರುವುದಿಲ್ಲ’ ಎಂದು ಬರೆದರೆ ನಾಳೆ ಏನು ಕಲಿಸಬೇಕು ಎಂದು ನಿಮಗೇ ಗೊತ್ತಾಗುತ್ತದೆ.

ಹಂತ 4: ನಲಿಕಲಿ ತಟ್ಟೆಗಳನ್ನು ಸರಿಯಾಗಿ ಓಡಿಸಿ

ನಲಿಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕೂತು, ಕಲಿಕಾ ಏಣಿಯಲ್ಲಿ ತಮ್ಮ ತಮ್ಮ ಮೆಟ್ಟಿಲು ಹತ್ತುತ್ತಾರೆ. ಮಳೆಗಾಲದ ನಮ್ಮ ಶಾಲೆಗೆ ಇದಕ್ಕಿಂತ ಒಳ್ಳೆಯ ಪದ್ಧತಿ ನನಗೆ ಗೊತ್ತಿಲ್ಲ. ವಾರ ಬಿಟ್ಟು ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ‘ಪಾಠ ಮುಂದೆ ಹೋಯಿತು’ ಎಂಬ ಮಾತೇ ಇಲ್ಲ.

ಗುಂಪು 5, ಒಂದೊಂದು ಗುಂಪಿಗೂ ಒಂದೊಂದು ತಟ್ಟೆ. ಪೂರ್ತಿ ಶಿಕ್ಷಕರ ಬೆಂಬಲ, ಭಾಗಶಃ ಶಿಕ್ಷಕರ ಬೆಂಬಲ, ಪೂರ್ತಿ ಸಹಪಾಠಿ ಬೆಂಬಲ, ಭಾಗಶಃ ಸಹಪಾಠಿ ಬೆಂಬಲ, ಸ್ವಕಲಿಕೆ. ಹೊಸಬರು ಮಾಡುವ ತಪ್ಪು ಒಂದೇ: ಐದೂ ತಟ್ಟೆಗಳ ನಡುವೆ ಓಡಾಡುತ್ತಾ ಇರುತ್ತಾರೆ. ಮೊದಲ ತಟ್ಟೆಯ ಹತ್ತಿರ ಕೂತುಬಿಡಿ. 15 ನಿಮಿಷ ಏಳಬೇಡಿ. ಆಮೇಲೆ ಎರಡನೇ ತಟ್ಟೆಗೆ ಹೋಗಿ. ಮೂರು ಮತ್ತು ನಾಲ್ಕನೇ ತಟ್ಟೆಯನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ. ಅದಕ್ಕೆ ಅಭ್ಯಾಸ ಬೇಕು, ಆ ಅಭ್ಯಾಸಕ್ಕೆ ಜೂನ್ ಪೂರ್ತಿ ಬೇಕಾಗುತ್ತದೆ. ಜೂನ್‌ನಲ್ಲಿ ಗದ್ದಲ ಇದ್ದೇ ಇರುತ್ತದೆ. ಮಳೆಯ ಸದ್ದಿನ ಮೇಲೆ ಕೂಗಿ ಗಂಟಲು ಹಾಳು ಮಾಡಿಕೊಳ್ಳಬೇಡಿ. ಒಂದು ಸಣ್ಣ ಗಂಟೆ ಇಟ್ಟುಕೊಳ್ಳಿ.

ಅಕ್ಷರಗಳು ಬರುವ ಕ್ರಮ ನಿಮಗೆ ಗೊತ್ತಿರುತ್ತದೆ: ಮೊದಲ ಗುಂಪಿನಲ್ಲಿ ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಸರ, ಅರಸ, ಗರಗಸ ಆಗುತ್ತದೆ. ‘ದಸರ’ ಕೂಡ ಆಗುತ್ತದೆ. ನಾನು ಜೂನ್‌ನಲ್ಲೇ ಆ ಪದವನ್ನು ಒಂದು ಪಟ್ಟಿಯಲ್ಲಿ ಬರೆದು ಬಾಗಿಲ ಮೇಲೆ ತೂಗುಹಾಕುತ್ತೇನೆ. ಏನು ಎಂದು ಹೇಳುವುದಿಲ್ಲ. ಓದಲು ಬಂದ ಮಗು ನನ್ನ ಕಿವಿಯಲ್ಲಿ ಬಂದು ಹೇಳಬೇಕು, ಬೇರೆಯವರಿಗೆ ಹೇಳಬಾರದು.

ಅಕ್ಷರ ಬಂದ ಮೇಲೆ ಓದು ನಿಲ್ಲಬಾರದು. ದಿನದ ಕೊನೆಯ 20 ನಿಮಿಷ ಕಥೆ. ನೀವು ಓದಿ, ಮಕ್ಕಳು ಕೇಳಲಿ. ವಾರಕ್ಕೊಮ್ಮೆ ಐದನೇ ತರಗತಿಯವರು ಒಂದನೆಯವರಿಗೆ ಓದಿ ಹೇಳಲಿ. ಕರೆಂಟು ಹೋಗಿ ಕೋಣೆ ಕತ್ತಲಾದ ಮಧ್ಯಾಹ್ನಗಳು ಕಥೆಗೇ ಹೇಳಿ ಮಾಡಿಸಿದ ಹಾಗೆ ಇರುತ್ತವೆ.

ಹಂತ 5: ಲೆಕ್ಕವನ್ನು ಊರಿನಿಂದ ತನ್ನಿ

ತೆಂಗಿನ ಹಿಡಿಕಡ್ಡಿ ಬೆರಳುದ್ದ ಕತ್ತರಿಸಿ ಹತ್ತರ ಕಟ್ಟು ಮಾಡಿ. ದಶಕ, ಬಿಡಿ ಕಲಿಸಲು ಇಷ್ಟು ಸಾಕು. ಬಳಚಿನ ಚಿಪ್ಪು ತೊಳೆದು ಒಣಗಿಸಿಟ್ಟರೆ ಎಣಿಕೆಗೆ ವರ್ಷಗಟ್ಟಲೆ ಬರುತ್ತದೆ. ಮೀನು ಪೇಟೆಯಲ್ಲಿ ಪಾಲು ಹಾಕಿ ಮಾರುವುದು ಎಲ್ಲ ಮಕ್ಕಳಿಗೂ ಗೊತ್ತು. 24 ಬಂಗಡೆಯನ್ನು ಆರರಂತೆ ಪಾಲು ಹಾಕಿದರೆ ಎಷ್ಟು ಪಾಲು ಎಂದರೆ ಭಾಗಾಕಾರ ಎಂದು ಹೆದರುವವರೇ ಇಲ್ಲ.

ನಾಲ್ಕು, ಐದನೆಯವರಿಗೆ ನಾನು ಕೊಡುವ ದಿನದ ಲೆಕ್ಕ ಬಿಸಿಯೂಟದ್ದು. ಬೆಳಿಗ್ಗೆ ಹಾಜರಿ ಆದ ಕೂಡಲೇ ಇಬ್ಬರು ಮಕ್ಕಳು ಹಲಗೆಯ ಮೇಲೆ ಬರೆಯುತ್ತಾರೆ. ಇವತ್ತು 32 ಮಕ್ಕಳು. ತಲೆಗೆ ಅಕ್ಕಿ 100 ಗ್ರಾಂ, ಒಟ್ಟು 3 ಕಿಲೋ 200 ಗ್ರಾಂ. ಬೇಳೆ 20 ಗ್ರಾಂ, ಒಟ್ಟು 640 ಗ್ರಾಂ. ಹಾಲಿನ ಪುಡಿ 18 ಗ್ರಾಂ, ಒಟ್ಟು 576 ಗ್ರಾಂ. ಹಾಲು 150 ಮಿಲಿಲೀಟರ್, ಒಟ್ಟು 4 ಲೀಟರ್ 800 ಮಿಲಿ. ಆಮೇಲೆ ಅಡುಗೆ ಅಕ್ಕನ ಹತ್ತಿರ ಹೋಗಿ ತಕ್ಕಡಿಯಲ್ಲಿ ತಾಳೆ ನೋಡುತ್ತಾರೆ. ಮಳೆಗೆ 19 ಮಕ್ಕಳೇ ಬಂದ ದಿನ ಲೆಕ್ಕ ಪೂರ್ತಿ ಹೊಸದು. ಪುಸ್ತಕದಲ್ಲಿ ಇಷ್ಟು ಬಗೆಯ ಗುಣಾಕಾರ ಸಿಗುವುದಿಲ್ಲ. ಪಾಲಕರ ಎದುರು ಈ ಲೆಕ್ಕ ಮಕ್ಕಳೇ ಓದಿ ಹೇಳಿದರೆ ಊಟದ ಬಗ್ಗೆ ಊರಿನಲ್ಲಿ ಅನುಮಾನವೂ ಉಳಿಯುವುದಿಲ್ಲ.

ಹಂತ 6: ಮಳೆ ಅಳೆಯಿರಿ

ಇಡೀ ಅವಧಿಗೆ ಒಂದೇ ಒಂದು ಚಟುವಟಿಕೆ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಖರ್ಚಿಲ್ಲ, ದಿನವೂ ಕೆಲಸ ಇದೆ, ಎಲ್ಲ ತರಗತಿಗೂ ಏನಾದರೂ ಇದೆ.

2 ಲೀಟರಿನ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಮೇಲಿನ ಭಾಗ ನೇರವಾಗಿದ್ದು ಎಲ್ಲಿ ಕುತ್ತಿಗೆಗೆ ಬಾಗಲು ಶುರುವಾಗುತ್ತದೋ ಅಲ್ಲಿ ಕತ್ತರಿಸಿ. ಕತ್ತರಿಸುವ ಕೆಲಸ ನೀವೇ ಮಾಡಿ. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ, ಅದಕ್ಕೆ ಸಣ್ಣ ಕಲ್ಲು ತುಂಬಿ. ಕಲ್ಲಿನ ಭಾರಕ್ಕೆ ಗಾಳಿಗೂ ಬೀಳುವುದಿಲ್ಲ. ಕಲ್ಲು ಮುಳುಗಿ, ಬಾಟಲಿಯ ಗೋಡೆ ನೇರವಾಗುವವರೆಗೆ ನೀರು ಹಾಕಿ. ಆ ಮಟ್ಟಕ್ಕೆ ಗೆರೆ ಎಳೆದು ಸೊನ್ನೆ ಬರೆಯಿರಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ, ಮೇಲೆ ಅಂಟುಟೇಪು. ಕತ್ತರಿಸಿದ ಕುತ್ತಿಗೆಯನ್ನು ತಲೆಕೆಳಗು ಮಾಡಿ ಬಾಯಿಗೆ ಕೂರಿಸಿ, ಆಲಿಕೆಯ ಹಾಗೆ.

ಇಡುವ ಜಾಗ ಮುಖ್ಯ. ಮರದ ಕೆಳಗೆ ಬೇಡ, ಸೂರಿನ ನೀರು ಬೀಳುವಲ್ಲಿ ಬೇಡ. ಬಯಲಿನಲ್ಲಿ, ಇಟ್ಟಿಗೆಗಳ ನಡುವೆ ಇಡಿ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ. ನಾವು ಪ್ರಾರ್ಥನೆ ಮುಗಿದ ಕೂಡಲೇ ಅಳೆಯುತ್ತೇವೆ. ದಿನವೂ ಅದೇ ಹೊತ್ತಿಗೆ ಅಳೆಯಬೇಕು, ಅಷ್ಟೇ. ಕಣ್ಣು ನೀರಿನ ಮಟ್ಟಕ್ಕೆ ಬರುವ ಹಾಗೆ ಮಗು ಕುಕ್ಕರಗಾಲಿನಲ್ಲಿ ಕೂತು ಓದಬೇಕು. ಓದಿ ಆದ ಮೇಲೆ ಹೆಚ್ಚಿನ ನೀರು ಚೆಲ್ಲಿ ಮತ್ತೆ ಸೊನ್ನೆಗೆ ತರಬೇಕು. ಜುಲೈನಲ್ಲಿ ರಾತ್ರಿ ಬೆಳಗಾಗುವುದರೊಳಗೆ ಬಾಟಲಿ ತುಂಬಿಬಿಡುವುದುಂಟು. ಅಂಥ ದಿನಗಳಲ್ಲಿ ಸಂಜೆಯೂ ಒಮ್ಮೆ ಅಳೆದು ಎರಡನ್ನೂ ಕೂಡಿಸಿ. ಭಾನುವಾರಕ್ಕೆ ಶಾಲೆಯ ಹತ್ತಿರದ ಮನೆಯ ಮಗುವಿಗೆ ಜವಾಬ್ದಾರಿ ಕೊಡಿ.

"ದೊಡ್ಡ ಡಬ್ಬಿ ಇಟ್ರೆ ಜಾಸ್ತಿ ಮಳೆ ಸಿಗ್ತದಾ ಅಕ್ಕೋರೆ?" ಮೂರನೇ ತರಗತಿಯ ಹುಡುಗನೊಬ್ಬ ಕೇಳಿದ್ದ. ಉತ್ತರ ಹೇಳಲಿಲ್ಲ. ಅಡುಗೆ ಕೋಣೆಯಿಂದ ನೇರ ಗೋಡೆಯ ಅಗಲವಾದ ಸ್ಟೀಲ್ ಡಬ್ಬಿ ತಂದು ಬಾಟಲಿಯ ಪಕ್ಕ ಇಟ್ಟೆವು. ಮಾರನೇ ದಿನ ಬಾಟಲಿಯ ಪಟ್ಟಿ ಓದಿ, ಡಬ್ಬಿಯಲ್ಲಿ ಅಳತೆಪಟ್ಟಿ ಅದ್ದಿದರೆ ಎತ್ತರ ಹೆಚ್ಚುಕಮ್ಮಿ ಒಂದೇ. ಅವನು ಅಳತೆಪಟ್ಟಿ ಒರೆಸಿ ಮತ್ತೆ ಅದ್ದಿದ. ಮೂರು ಸಲ ನೋಡಿದ. ಡಬ್ಬಿ ಅಗಲವಾದರೆ ನೀರು ಹೆಚ್ಚು ಸೇರುತ್ತದೆ, ಆದರೆ ಆ ನೀರು ಹರಡಿಕೊಳ್ಳುವ ಜಾಗವೂ ಅಷ್ಟೇ ಹೆಚ್ಚು. ಇದನ್ನು ಅವನೇ ಉಳಿದವರಿಗೆ ಹೇಳಿಕೊಟ್ಟ.

ಬರೆದಿಡುವ ವಿಧಾನ: ಗೋಡೆ ಮೇಲೆ ಉದ್ದ ಕಾಗದ, ದಿನಕ್ಕೊಂದು ಕಂಬ. ಒಂದನೆಯವರು ಬಣ್ಣ ತುಂಬುತ್ತಾರೆ. ಎರಡು, ಮೂರನೆಯವರು ಅಂಕೆ ಬರೆಯುತ್ತಾರೆ. ನಾಲ್ಕನೆಯವರು ವಾರದ ಮೊತ್ತ, ಐದನೆಯವರು ಸರಾಸರಿ. 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ‘ಭಾರಿ ಮಳೆ’, 115.6 ಮುಟ್ಟಿದರೆ ‘ಅತಿ ಭಾರಿ’, 204.4 ದಾಟಿದರೆ ‘ಅತ್ಯಂತ ಭಾರಿ’. ಈ ಮೂರು ಗೆರೆಗಳನ್ನು ಕೆಂಪು ದಾರದಿಂದ ಅಂಟಿಸಿ. ರೇಡಿಯೋದಲ್ಲಿ, ಟಿವಿಯಲ್ಲಿ ರೆಡ್ ಅಲರ್ಟ್ ಎಂದರೆ ಏನು ಎಂದು ನಮ್ಮ ಮಕ್ಕಳು ಈಗ ಮನೆಯವರಿಗೆ ವಿವರಿಸುತ್ತಾರೆ.

ಹಂತ 7: ಮಳೆ ರಜೆಯ ಚೀಲ

ರಜೆ ಎಂದು ರಾತ್ರಿ ಗೊತ್ತಾಗುತ್ತದೆ. ವಾಟ್ಸಾಪಿನಲ್ಲಿ ಮನೆಕೆಲಸ ಕಳಿಸಿದರೆ ಮೊಬೈಲ್ ಚಾರ್ಜ್ ಇರುವುದಿಲ್ಲ, ಟವರ್ ಇರುವುದಿಲ್ಲ. ಹಾಗಾಗಿ ಪ್ರತಿ ಮಗುವಿಗೂ ಒಂದು ಪ್ಲಾಸ್ಟಿಕ್ ಚೀಲ ಮೊದಲೇ ಮನೆಗೆ ಕೊಟ್ಟಿರಿ. ಅದರಲ್ಲಿ ಓದಲು ಒಂದು ಸಣ್ಣ ಕಥೆ ಪುಸ್ತಕ, ಲೆಕ್ಕದ ಎರಡು ಕಾರ್ಡು, ಖಾಲಿ ಹಾಳೆ, ಒಂದು ಪೆನ್ಸಿಲ್. ರಜೆಯ ದಿನ ಮನೆಯ ಹಿರಿಯರಿಂದ ಒಂದು ವಿಷಯ ಕೇಳಿ ಬರೆದು ತರಬೇಕು ಅಥವಾ ಚಿತ್ರ ಬಿಡಿಸಬೇಕು. ಕಂಬಳಿಕೊಪ್ಪೆ ಹೇಗೆ ಹಾಕುತ್ತಿದ್ದರು, ಮಳೆಗಾಲಕ್ಕೆ ಏನೇನು ಒಣಗಿಸಿಡುತ್ತಿದ್ದರು, ಹೀಗೆ. ಶಾಲೆ ತೆರೆದ ದಿನ ಚೀಲದೊಳಗಿನದ್ದು ಬದಲಾಗಬೇಕು. ಬದಲಾಗದ ಚೀಲವನ್ನು ಮಕ್ಕಳು ಎರಡನೇ ಸಲ ತೆರೆಯುವುದಿಲ್ಲ.

ಹಂತ 8: ಸಂಭ್ರಮ ಶನಿವಾರಗಳು

ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ದಿನ. 2019ರ ಸರ್ಕಾರಿ ಆದೇಶ ಇದು. ಅದೇ ಆದೇಶದಲ್ಲಿ ಒಂದು, ಎರಡನೇ ತರಗತಿಯ ಬ್ಯಾಗ್ 2 ಕಿಲೋ ದಾಟಬಾರದು, ಮೂರರಿಂದ ಐದಕ್ಕೆ 3 ಕಿಲೋ ದಾಟಬಾರದು ಎಂದೂ ಇದೆ. ಒಮ್ಮೆ ಅಡುಗೆ ಕೋಣೆಯ ತಕ್ಕಡಿಯಲ್ಲಿ ಎಲ್ಲರ ಬ್ಯಾಗ್ ತೂಗಿಸಿ, ಒಳ್ಳೆಯ ಪಾಠ ಆಗುತ್ತದೆ.

ಜೂನ್: ಬೀಜ. ಹಲಸು, ಮುರುಗಲು, ಮಾವಿನ ಗೊರಟು ತಂದು ಪ್ಯಾಕೆಟ್ಟಿಗೆ ಮಣ್ಣು ತುಂಬಿ ಹಾಕುವುದು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ಕಥೆ ಆವತ್ತು ಹೇಳಿ. ಶಾಲೆಗೆ ಹೋಗದ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಲೆಕ್ಕವಿಲ್ಲದಷ್ಟು ಸಸಿ ಬೆಳೆಸಿದರು, ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕು ಎಂದು ಬಲ್ಲವರಾಗಿದ್ದರು, 2020ರ ಪದ್ಮಶ್ರೀ ಪಡೆದರು. ಮುಂದಿನ ವರ್ಷ ಜುಲೈ ಮೊದಲ ವಾರದ ವನಮಹೋತ್ಸವಕ್ಕೆ ಮಕ್ಕಳು ತಾವೇ ಮಾಡಿದ ಸಸಿ ಇರಲಿ.

ಜುಲೈ: ಗದ್ದೆ. ಹತ್ತಿರದ ನಟ್ಟಿ ನೋಡಿ ಬನ್ನಿ. ಮಳೆ ಬಿಟ್ಟ ಹೊತ್ತು ನೋಡಿ, ಪಾಲಕರು ಇಬ್ಬರಾದರೂ ಜೊತೆಗಿರಲಿ. ನಟ್ಟಿ ಮಾಡುವ ಅಜ್ಜಿಯರು ಹಾಡಿದರೆ ಕೂತು ಕೇಳಿ. ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಇಂಥ ಹಾಡುಗಳನ್ನು ಉಳಿಸಿಕೊಂಡು ಬಂದದ್ದಕ್ಕೇ. ಹಾಡು ಗೊತ್ತಿರುವ ಅಜ್ಜಿ ನಿಮ್ಮ ಊರಲ್ಲೂ ಇರುತ್ತಾರೆ. ಶಾಲೆಗೆ ಕರೆಯಿರಿ, ಕುರ್ಚಿ ಹಾಕಿ.

ಆಗಸ್ಟ್: ಉಪ್ಪು. ಅಂಕೋಲೆ 1930ರ ಉಪ್ಪಿನ ಸತ್ಯಾಗ್ರಹದ ಊರು. ಸ್ವಾತಂತ್ರ್ಯ ದಿನದ ಹಿಂದೆ ಮುಂದೆ ಒಂದು ಲೀಟರ್ ಸಮುದ್ರದ ನೀರು ದೊಡ್ಡವರ ಕೈಯಲ್ಲಿ ತರಿಸಿ, ಅಡುಗೆ ಒಲೆಯ ಮೇಲೆ ನೀವೇ ಕುದಿಸಿ ಆರಿಸಿ. ಬೇಸಿಗೆಯಲ್ಲಾದರೆ ಸುಮಾರು 35 ಗ್ರಾಂ ಉಪ್ಪು ಉಳಿಯುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಗಂಗಾವಳಿ, ಅಘನಾಶಿನಿಯಂಥ ಹೊಳೆಬಾಯಿಯ ಹತ್ತಿರ, ಬಹಳ ಕಮ್ಮಿ. ಯಾಕೆ ಎಂದು ಮಕ್ಕಳೇ ಹೇಳುತ್ತಾರೆ. ಇದೇ ಪ್ರಯೋಗ ಮಾರ್ಚ್‌ನಲ್ಲಿ ಹೊಸದಾಗಿ ನೀರು ತರಿಸಿ ಮತ್ತೆ ಮಾಡಿ, ತೂಕ ಹೋಲಿಸಿ. ಮಕ್ಕಳನ್ನು ಮಾತ್ರ ಈ ತಿಂಗಳಲ್ಲಿ ಕಡಲಿಗೆ ಕರೆದೊಯ್ಯಬೇಡಿ. ಕಾರವಾರದ ಯುದ್ಧನೌಕೆ ವಸ್ತುಸಂಗ್ರಹಾಲಯ, ಕಡಲತೀರ ಎಲ್ಲ ಎರಡನೇ ಅವಧಿಗಿರಲಿ.

ಹಂತ 9: ಮೌಲ್ಯಮಾಪನ ಮತ್ತು ಪ್ರತಿಭಾ ಕಾರಂಜಿ

ಈ ಅವಧಿಗೆ ಎರಡು ರೂಪಣಾತ್ಮಕ (ಕಲಿಯುತ್ತಿರುವಾಗಲೇ ಮಾಡುವ), ಒಂದು ಸಂಕಲನಾತ್ಮಕ (ಅವಧಿಯ ಕೊನೆಗೆ ಮಾಡುವ) ಮೌಲ್ಯಮಾಪನ. ರೂಪಣಾತ್ಮಕಕ್ಕೆ ಬೇರೆ ಚಟುವಟಿಕೆ ಹುಡುಕುವ ಅಗತ್ಯ ಇಲ್ಲ. ಮಳೆ ನಕ್ಷೆ, ಬಿಸಿಯೂಟದ ಲೆಕ್ಕ, ಅಜ್ಜಿಯ ಹಾಡಿನ ಬರಹ ಇವೇ ಸಾಕು. ಮಗು ಮಾಡಿದ್ದಕ್ಕೆ ತಾರೀಖು ಬರೆದು ಫೈಲಿಗೆ ಸೇರಿಸುತ್ತಾ ಹೋಗಿ. ಕೊನೆಯ ರಾತ್ರಿ ಕೂತು ಸೃಷ್ಟಿಸಿದ ದಾಖಲೆಯಿಂದ ಮಗುವಿಗೆ ಏನೂ ಸಿಗುವುದಿಲ್ಲ.

ಶಾಲಾ ಮಕ್ಕಳ ಸಾಂಸ್ಕೃತಿಕ ಸ್ಪರ್ಧೆಯಾದ ಪ್ರತಿಭಾ ಕಾರಂಜಿ ಬಗ್ಗೆ ಒಂದೇ ಮಾತು. ಕಂಠಪಾಠಕ್ಕೆ, ಛದ್ಮವೇಷಕ್ಕೆ ಪ್ರತಿ ವರ್ಷ ಅದೇ ನಾಲ್ಕು ಮಕ್ಕಳನ್ನು ಕಳಿಸಬೇಡಿ. ಮೊದಲು ಶಾಲೆಯಲ್ಲೇ ಎಲ್ಲ 32 ಮಕ್ಕಳೂ ವೇದಿಕೆ ಹತ್ತಲಿ. ಮಣ್ಣಿನ ಮಾದರಿಯಲ್ಲಿ ನಮ್ಮಲ್ಲಿ ಗೆದ್ದವನು ಓದಿನಲ್ಲಿ ಹಿಂದಿದ್ದ ಹುಡುಗ. ಅವನು ಮಾಡಿದ ಏಡಿಗೆ ಎಂಟು ಕಾಲು, ಎರಡು ಕೊಂಡಿ ಲೆಕ್ಕ ಸರಿಯಾಗಿ ಇತ್ತು. ಆ ದಿನದಿಂದ ಅವನು ಮುಂದಿನ ಸಾಲಿನಲ್ಲಿ ಕೂರುತ್ತಾನೆ.

ಹಂತ 10: ಚೌತಿ ಮುಗಿದ ಮೇಲೆ

ಚೌತಿಗೆ ಗಣಪತಿಯ ಮೇಲೆ ಫಲಾವಳಿ ಕಟ್ಟುತ್ತಾರೆ. ತೆಂಗಿನಕಾಯಿ, ಅಡಿಕೆ ಕೊನೆ, ಮೊಗೆಕಾಯಿ, ಹಾಗಲ, ಹೀರೆ, ಕಂಚಿ, ಅಮಟೆ, ಕಾಡಿನ ಕಾಯಿ ಹಣ್ಣು. ನಲಿಕಲಿ ಕೋಣೆಯಲ್ಲಿ ನಾವು ಕಟ್ಟುವ ಚಪ್ಪರದ ಹಾಗೆಯೇ ಅದೂ ತಲೆಯ ಮೇಲೆ ತೂಗುತ್ತದೆ. ಹಬ್ಬ ಮುಗಿಸಿ ಬಂದ ಮಕ್ಕಳಿಗೆ ಒಂದೇ ಕೆಲಸ ಕೊಡಿ: ನಿಮ್ಮ ಮನೆಯ ಫಲಾವಳಿಯಲ್ಲಿ ಏನೇನಿತ್ತು? ಹಬ್ಬ ಮಾಡದ ಮನೆಯ ಮಕ್ಕಳು ತಮ್ಮ ಹಿತ್ತಲಿನ ಪಟ್ಟಿ ತರಲಿ. ಬಳ್ಳಿಯದ್ದು ಯಾವುದು, ಮರದ್ದು ಯಾವುದು, ಬೆಳೆದದ್ದು ಯಾವುದು, ಕಾಡಿನಿಂದ ತಂದದ್ದು ಯಾವುದು ಎಂದು ವಿಂಗಡಿಸಿ. ಹೆಸರು ಗೊತ್ತಿಲ್ಲದ ಕಾಯಿಯ ಚಿತ್ರ ಬಿಡಿಸಿ, ಮನೆಯಲ್ಲಿ ಕೇಳಿ ಹೆಸರು ತರಬೇಕು. ಪರಿಸರ ಅಧ್ಯಯನದ 3 ದಿನದ ಪಾಠ ಇಲ್ಲೇ ಮುಗಿಯುತ್ತದೆ. ನಾಲ್ಕು ದಿನ ಶಾಲೆ ಮರೆತಿದ್ದ ಮಕ್ಕಳು ಮತ್ತೆ ಕಲಿಕೆಗೆ ತಾವಾಗಿಯೇ ಕೂರುತ್ತಾರೆ.

ಕೊನೆಯ ವಾರ ಹೊಸದೇನೂ ಬೇಡ. ಸಂಕಲನಾತ್ಮಕ ಮೌಲ್ಯಮಾಪನ ಮುಗಿಸಿ. ಜೂನ್‌ನ ಹಾಳೆ ತೆಗೆದು, ಅದೇ ಹಾಳೆಯಲ್ಲಿ ಈಗ ಏನು ಬರುತ್ತದೆ ಎಂದು ಬರೆಯಿರಿ. ಮಳೆ ನಕ್ಷೆ ಗೋಡೆಯಿಂದ ಇಳಿಸಿ, ಸುತ್ತಿ, ವರ್ಷ ಬರೆದು ಒಣ ಡಬ್ಬಿಯಲ್ಲಿ ಇಡಿ. ಮುಂದಿನ ವರ್ಷದ ಮಕ್ಕಳು ಹೋಲಿಸಿ ನೋಡಬೇಕು.

ಹೋದ ಸಲ ಕೊನೆಯ ದಿನ ಮಕ್ಕಳೆಲ್ಲ ಹೊರಟ ಮೇಲೆ ಒಬ್ಬಳು ಬಾಗಿಲಲ್ಲಿ ನಿಂತಿದ್ದಳು, ಪಾವ್ಸ ಎಂದಿದ್ದ ಅದೇ ಹುಡುಗಿ. ಮೇಲೆ ತೂಗುತ್ತಿದ್ದ ಪಟ್ಟಿಯನ್ನು ನೋಡುತ್ತಿದ್ದಳು. ಬೆರಳಿನಿಂದ ಗಾಳಿಯಲ್ಲಿ ಒಂದೊಂದೇ ಅಕ್ಷರ ಬರೆದಳು. ಆಮೇಲೆ ನನ್ನನ್ನು ಬಗ್ಗಲು ಹೇಳಿ ಕಿವಿಯಲ್ಲಿ ಓದಿದಳು, "ದ, ಸ, ರ."